ಕೆಂಚಿ ಸತ್ತಾಗ ಹೂಂ ಅಂದವನು

ಕತೆ ಕೇಳುವುದು ಮಕ್ಕಳ ಕೆಲಸ, ಇಲ್ಲವೇ ಮಾಡಲು ಬೇರೆ ಕೆಲಸವಿಲ್ಲದವರ ಕೆಲಸ ಎಂಬುದು ರಾಜಣ್ಣನ ಖಚಿತ ಅಭಿಪ್ರಾಯವಾಗಿತ್ತು. ಯಾರೂ ಕೇಳದಿದ್ದರೂ ಈ ಅಭಿಪ್ರಾಯವನ್ನು ಅವನು ಆಗಾಗ ಹೇಳುತ್ತಿದ್ದ. ಹರವೆ ಕಡೆಯವನು, ಪಿಯುಸಿವರೆಗೆ ಓದಿದವನು, ಗುಂಡ್ಲುಪೇಟೆಯ ನೀಲಕಂಠಸ್ವಾಮಿಯವರ ಈರುಳ್ಳಿ ಮಂಡಿಯಲ್ಲಿ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಪೇಪರು ತೆಗೆದರೆ ಮಾರುಕಟ್ಟೆ ಧಾರಣೆ ಇರುವ ಪುಟ ಓದಿ ಮಡಚಿಡುತ್ತಿದ್ದ. ಇಂಥವನು ಒಂದು ಮಣ್ಣಿನ ಕುದುರೆಯ ದೆಸೆಯಿಂದ ನಿದ್ದೆಗೆಟ್ಟ ಎಂದರೆ ಆಮೇಲೆ ಅವನ ಹೆಂಡತಿಯೇ ನಂಬಲಿಲ್ಲ.

ಆಗ ತೊಂಬತ್ತನಾಲ್ಕನೆಯ ಇಸವಿ. ಮಂಡಿ ಇದ್ದದ್ದು ಕೇರಳಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ. ಸಣ್ಣ ಈರುಳ್ಳಿಯ ಕಾಲ ಬಂತೆಂದರೆ ಭೀಮನಬೀಡಿನ ಹೆಂಗಸರು ಬೆಳಗಿನ ಬಸ್ಸಿಗೆ ಬಂದಿಳಿದು, ತಗಡಿನ ಶೆಡ್ಡಿನ ಕೆಳಗೆ ಸಾಲಾಗಿ ಕೂತು, ಕುಡುಗೋಲಿನಲ್ಲಿ ದಂಟು ಬೇರು ಕೊಯ್ದು, ದಪ್ಪದ್ದು ಒಂದು ಕಡೆ ಸಣ್ಣದ್ದು ಒಂದು ಕಡೆ ಹಾಕುತ್ತಿದ್ದರು. ಗಂಡಾಳುಗಳು ಅದನ್ನು ಚೀಲಕ್ಕೆ ತುಂಬಿ, ದಬ್ಬಳದಲ್ಲಿ ಬಾಯಿ ಹೊಲಿದು, ಲಾರಿಗೆ ಏರಿಸುತ್ತಿದ್ದರು. ಅಕ್ಕಪಕ್ಕದಲ್ಲಿ ಇನ್ನೂ ಮಂಡಿಗಳಿದ್ದವು. ಅಲ್ಲೂ ಅದೇ ಕೂಲಿ, ಅದೇ ತಗಡು, ಅದೇ ಧೂಳು. ಪಕ್ಕದ ಮಂಡಿಯವನು ಟೇಪ್ ರೆಕಾರ್ಡರ್ ಬೇರೆ ತಂದಿಟ್ಟು ದಿನವಿಡೀ ಹಾಡು ಹಾಕುತ್ತಿದ್ದ. ಆದರೂ ಭೀಮನಬೀಡಿನ ಹೆಂಗಸರು ನೀಲಕಂಠಸ್ವಾಮಿಯವರ ಮಂಡಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಅದು ತಮ್ಮ ಒಳ್ಳೆಯತನದಿಂದ ಎಂದು ಸ್ವಾಮಿಯವರು ತಿಳಿದಿದ್ದರು.

ಕಾರಣ ಬೇರೆ ಇತ್ತು. ಆ ಸಾಲಿನಲ್ಲಿ ದೊಡ್ಡಮಾದಮ್ಮ ಎಂಬ ಹೆಂಗಸು ಕೂರುತ್ತಿದ್ದಳು. ಅರವತ್ತು ದಾಟಿದ ಜೀವ, ಕೈ ಮಾತ್ರ ಎಲ್ಲರಿಗಿಂತ ಚುರುಕು. ಆಕೆ ಕತೆ ಹೇಳುತ್ತಿದ್ದಳು. ಯಾರಿಂದಲೋ ಕೇಳಿದ ಕತೆಯಲ್ಲ, ತಾನೇ ಕಟ್ಟಿದ್ದು. ಕುಂಬಾರರ ಹುಡುಗಿ ಕೆಂಚಿ ಜೇಡಿಮಣ್ಣಿನಲ್ಲಿ ಒಂದು ಕುದುರೆ ಮಾಡುತ್ತಾಳೆ. ಬೆಳದಿಂಗಳು ಬಿದ್ದರೆ ಕುದುರೆಗೆ ಜೀವ ಬರುತ್ತದೆ, ಹಾರುತ್ತದೆ. ಮಳೆ ಬಿದ್ದರೆ ಕರಗುತ್ತದೆ. ಅವಳ ತಮ್ಮನನ್ನು ಮೋಡದ ರಾಕ್ಷಸ ಹೊತ್ತುಕೊಂಡು ಹೋಗಿದ್ದಾನೆ. ತಮ್ಮನನ್ನು ಹುಡುಕಲು ಕೆಂಚಿ ಮೋಡದ ನಾಡಿಗೇ ಹೋಗಬೇಕು, ಹೋಗಬೇಕಾದ್ದು ಕರಗುವ ಕುದುರೆಯ ಮೇಲೆ. ಈ ಕತೆ ವರ್ಷವಾದರೂ ಮುಗಿದಿರಲಿಲ್ಲ. ಮುಗಿಯಲಿ ಎಂದು ಯಾರಿಗೂ ಇರಲಿಲ್ಲ.

ಕತೆ ಹೇಳುವವರಿಗೆ ಹೂಂಗುಟ್ಟುವವರು ಬೇಕು. ಯಾರಾದರೊಬ್ಬರು ಮಾತು ಮಾತಿಗೆ ಹೂಂ ಅನ್ನದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ದೊಡ್ಡಮಾದಮ್ಮನಿಗೆ ಹೂಂಗುಟ್ಟುತ್ತಿದ್ದವಳು ಅವಳ ನಾದಿನಿ ಚಿಕ್ಕನಿಂಗಮ್ಮ, ಗಂಡನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅತ್ತಿಗೆಯ ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಲೇ ಮುದುಕಿಯಾಗಿದ್ದಳು. ಇಬ್ಬರ ನಡುವೆ ಒಂದು ಕಟ್ಟಳೆ ಇತ್ತು. ದೊಡ್ಡಮಾದಮ್ಮ ಕೆಂಚಿಯನ್ನು ಕಂಡಕಂಡ ಅಪಾಯಕ್ಕೆ ತಳ್ಳುತ್ತಿದ್ದಳು. "ಆವಾಗ ಹಾವು ಕಚ್ತು, ಕೆಂಚಿ ಸತ್ತೋದ್ಲು" ಎಂದು ಹೇಳಿ ಕುಡುಗೋಲು ಆಡಿಸುತ್ತ ಸುಮ್ಮನಾಗುತ್ತಿದ್ದಳು. ಚಿಕ್ಕನಿಂಗಮ್ಮ ಬಾಯಿ ತೆರೆಯದೆ "ಊಹೂಂ" ಎನ್ನುತ್ತಿದ್ದಳು. ಊಹೂಂ ಬಂತೆಂದರೆ ಕೆಂಚಿ ಸಾಯುವಂತಿಲ್ಲ. "ಸಾಯ್ನಿಲ್ಲ ಬುಡು. ಆ ಹಾವಿಗೆ ಹಲ್ಲೇ ಇರ್ನಿಲ್ಲ" ಎಂದು ದೊಡ್ಡಮಾದಮ್ಮ ದಾರಿ ಹುಡುಕುತ್ತಿದ್ದಳು. ಹೂಂ ಬಂದದ್ದು ಮಾತ್ರ ಆಗಿಹೋದದ್ದು. ಅದನ್ನು ಹೇಳಿದವಳೂ ಬದಲಾಯಿಸುವಂತಿಲ್ಲ, ಕೇಳಿದವಳೂ ಬದಲಾಯಿಸುವಂತಿಲ್ಲ.

ರಾಜಣ್ಣ ಇದನ್ನೆಲ್ಲ ಕೇಳುತ್ತಿರಲಿಲ್ಲ. ಅವನು ಶೆಡ್ಡಿನ ಕೆಳಗೆ ಓಡಾಡುತ್ತಿದ್ದ, ಅಷ್ಟೇ. ಚೀಲ ಹೊಲಿಯುವುದನ್ನು ನೋಡಲು ದೊಡ್ಡಮಾದಮ್ಮನ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದ. ಒಂದು ಸಲ ಕೆಂಚಿ ಕಲ್ಲಿನ ಬಾಗಿಲೊಳಗೆ ಸಿಕ್ಕಿಕೊಂಡಿದ್ದಾಗ, ಹೊಲಿದ ಚೀಲವನ್ನೇ ಮತ್ತೆ ಹೊಲಿಸಿದ. ಆದರೂ ಕೇಳುತ್ತಿರಲಿಲ್ಲ ಎಂದೇ ಅವನ ವಾದ.

ಆಷಾಢದಲ್ಲಿ ಚಿಕ್ಕನಿಂಗಮ್ಮನಿಗೆ ಜ್ವರ ಬಂತು. ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ಜ್ವರ ಮೆದುಳಿಗೆ ಏರಿತಂತೆ, ಹೆಣವಾಗಿ ಊರಿಗೆ ಬಂದಳು. ತಿಥಿ ಮುಗಿಸಿಕೊಂಡು ದೊಡ್ಡಮಾದಮ್ಮ ಮಂಡಿಗೆ ಬಂದು, ಅದೇ ಜಾಗದಲ್ಲಿ ಕೂತು, ಒಂದು ಮಾತೂ ಆಡದೆ ಈರುಳ್ಳಿ ಕೊಯ್ದಳು. ಮಾರನೆಯ ದಿನವೂ ಹಾಗೇ. ಸಾಲಿನ ಹೆಂಗಸರೂ ಮೌನ. ಮಂಚಮ್ಮ ಎಂಬ ನಡುವಯಸ್ಸಿನವಳು ಧೈರ್ಯ ಮಾಡಿ, "ಕತೆ ಏಳು ಅತ್ತೆ, ನಾನು ಹೂಂಗುಟ್ತೀನಿ" ಅಂದಳು. ದೊಡ್ಡಮಾದಮ್ಮ ನಾಲ್ಕು ಮಾತು ಹೇಳಿ, ಕೆಂಚಿಯನ್ನು ಅರ್ಧ ಏಣಿ ಹತ್ತಿಸಿ ನಿಲ್ಲಿಸಿದಳು.

"ನೀನು ಕೋಲೆ ಬಸವ ಕಣಮ್ಮಿ. ಎಲ್ಲಕ್ಕೂ ತಲೆ ಆಡುಸ್ತೀಯ."

ಅದಾದ ಮೇಲೆ ಇಬ್ಬರು ಹುಡುಗಿಯರು ಟೇಪ್ ರೆಕಾರ್ಡರ್ ಇರುವ ಮಂಡಿಗೆ ಹೋದರು. ಓಣಂ ಹತ್ತಿರವಿತ್ತು. ಕೇರಳದ ಬತ್ತೇರಿಯ ಲಾರಿಗಳು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವು. ನೀಲಕಂಠಸ್ವಾಮಿಯವರು ರಾಜಣ್ಣನನ್ನು ಕರೆದು, ಕೆಲಸ ಯಾಕೆ ಸಾಗುತ್ತಿಲ್ಲ ಎಂದು ಗದರಿದರು. ರಾಜಣ್ಣ ಆ ಸಿಟ್ಟನ್ನು ಹೊತ್ತುಕೊಂಡು ಶೆಡ್ಡಿಗೆ ಬಂದ. ಹೆಂಗಸರಿಗೆ ಬಯ್ಯಬೇಕು ಎಂದೇ ಬಂದದ್ದು. ಬಾಯಿ ತೆರೆದಾಗ ಬಂದದ್ದು ಬೇರೆ.

"ಅಲ್ಲ ಕಣವ್ವ, ಕೆಂಚಿ ಏಣಿ ಹತ್ತುತಾ ಇದ್ಲಲ್ಲ, ಅವಳ ಗತಿ ಯಾನ ಈಗ? ಅಲ್ಲೇ ನೇತಾಡ್ಕೊಂಡಿರಾದಾ?"

ಸಾಲಿಗೆ ಸಾಲೇ ನಕ್ಕಿತು. ತಿಥಿ ಆದಮೇಲೆ ಮೊದಲ ಸಲ ದೊಡ್ಡಮಾದಮ್ಮನೂ ನಕ್ಕಳು. "ಕೇಳಾಕಿಲ್ಲ ಅಂತಿದ್ದೆ? ಏಣಿ ಗ್ಯಾನ ಮಡಿಕಂಡಿದ್ದೀಯ! ಸರಿ, ನೀನೇ ಹೂಂಗುಟ್ಟು ಮತ್ತೆ."

ರಾಜಣ್ಣ ಬೇಡವೆನ್ನುವ ಮುಖ ಮಾಡಿದ. ಬೇಡ ಎನ್ನಲಿಲ್ಲ. ಹಾಗೆ ಇನ್ ಶರ್ಟ್ ಮಾಡಿಕೊಂಡ ಉಸ್ತುವಾರಿ ರಾಜಣ್ಣ ಹೂಂಗುಟ್ಟುವ ಆಳಾದ. ಮೊದಮೊದಲು ನಾಚಿಕೊಂಡು ಗಂಟಲಲ್ಲೇ ಅನ್ನುತ್ತಿದ್ದ. ಆಮೇಲೆ ಜೋರಾಗಿಯೇ ಬಂತು. ಎರಡು ಸಲ ದೊಡ್ಡಮಾದಮ್ಮ ಕೆಂಚಿಯನ್ನು ಸಾಯಿಸಲು ನೋಡಿದಳು, ಎರಡು ಸಲವೂ ಅವನು ಊಹೂಂ ಎಂದು ಉಳಿಸಿಕೊಂಡ. ಹುಡುಗಿಯರು ಪಕ್ಕದ ಮಂಡಿಯಿಂದ ವಾಪಸು ಬಂದರು. ಬೆಳಗ್ಗೆ ಹಲ್ಲುಜ್ಜುವಾಗ ಅವನು ಯೋಚಿಸುತ್ತಿದ್ದದ್ದು ಮೋಡದ ರಾಕ್ಷಸನ ಬಗ್ಗೆ. ಮೂವತ್ತೈದರ ಗಂಡಸಿಗೆ ಇದು ಗೌರವದ ವಿಷಯವಲ್ಲ, ಆದರೆ ಅವನಿಗೆ ಸುಖವಾಗಿತ್ತು.

ಓಣಂಗೆ ಹೋಗಬೇಕಾದ ದೊಡ್ಡ ಲೋಡು ಏರುತ್ತಿದ್ದ ದಿನ. ಕತೆಯೂ ಎತ್ತರಕ್ಕೆ ಏರಿತ್ತು. ಕೆಂಚಿ ತಮ್ಮನ ಸೆರೆಮನೆಯನ್ನು ದೂರದಿಂದ ಕಂಡಿದ್ದಳು, ಮಣ್ಣಿನ ಕುದುರೆ ಗೋಪಾಲಸ್ವಾಮಿ ಬೆಟ್ಟದ ಮೇಲಿಂದ ಹಾರುತ್ತಿತ್ತು. ದೊಡ್ಡಮಾದಮ್ಮನ ದನಿ ತಗ್ಗಿತು. ಆ ಹೊತ್ತಿಗೆ ಲಾರಿಯ ಮೇಲೆ ಹುಡುಗರು ಹಗ್ಗ ಎಳೆಯುತ್ತಿದ್ದರು. ಚೀಲದ ಸಾಲು ಎಡಕ್ಕೆ ವಾಲಿದ್ದು ರಾಜಣ್ಣನಿಗೆ ಕಂಡಿತು. ದಾರಿಯಲ್ಲಿ ಕಾಡು, ತಿರುವು, ಲೋಡು ವಾಲಿದರೆ ಗತಿಯೇನು ಎಂದು ಅವನ ಕಣ್ಣು, ಜೀವ ಎಲ್ಲ ಲಾರಿಯ ಮೇಲೆ ಹೋದವು. ಬಾಯಿ ಮಾತ್ರ ಶೆಡ್ಡಿನಲ್ಲಿ ಉಳಿದು ತನ್ನ ಪಾಡಿಗೆ ತಾನು ಹೂಂಗುಟ್ಟುತ್ತಿತ್ತು.

"ರಾಕ್ಷಸ ಮಳೆ ಬುಟ್ಟ."

"ಹೂಂ."

"ಕುದುರೆ ಕಾಲು ಕರಗ್ತು, ಕತ್ತು ಕರಗ್ತು."

"ಹೂಂ."

"ಕೆಂಚಿ ಮ್ಯಾಗಲಿಂದ ಬಿದ್ಲು. ಬಂಡೆ ಮ್ಯಾಲೆ ಬಿದ್ದು ಸತ್ತೋದ್ಲು."

"ಹೂಂ," ಅಂದ ರಾಜಣ್ಣ.

ಕುಡುಗೋಲುಗಳ ಸದ್ದು ನಿಂತಿತು. ಅದು ನಿಂತದ್ದರಿಂದಲೇ ಅವನು ತಿರುಗಿ ನೋಡಿದ್ದು. ಎಲ್ಲ ಹೆಂಗಸರೂ ಅವನನ್ನೇ ನೋಡುತ್ತಿದ್ದರು.

"ಹೂಂ ಅಂದ್ಬುಟ್ಟಯಲ್ಲಪ್ಪ!" ಅಂದಳು ಮಂಚಮ್ಮ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಈರುಳ್ಳಿ ಕೊಯ್ಯುವವರಿಗೆ ಮೊದಲ ವಾರ ಕಳೆದ ಮೇಲೆ ಘಾಟಿಗೆ ಕಣ್ಣೀರು ಬರುವುದಿಲ್ಲ. ಮಂಡಿಯಲ್ಲಿ ಅತ್ತವರಿಗೆ ನೆಪ ಸಿಗುವುದಿಲ್ಲ.

"ಇಲ್ಲ ಇಲ್ಲ, ಊಹೂಂ! ಊಹೂಂ ಕಣವ್ವ! ನಾನು ಲಾರಿ ನೋಡ್ತಿದ್ದೆ."

ದೊಡ್ಡಮಾದಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಸಿಟ್ಟಿಲ್ಲ, ಅಳುವಿಲ್ಲ. "ಆಯ್ತು ಬುಡು. ಕೆಂಚಿ ಕತೆ ಮುಗೀತು" ಎಂದು, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದಳು.

ಮಾರನೆಯ ಬೆಳಗ್ಗೆ ಬಸ್ಸಿನಿಂದ ಇಳಿದವರು ಅರ್ಧಕ್ಕರ್ಧ ಜನ. ಬಂದವರೂ ಸಾವಿನ ಮನೆಯಲ್ಲಿ ಕೂತವರ ಹಾಗೆ ಕೂತಿದ್ದರು. ರಾಜಣ್ಣನ ಜೊತೆ ಮಾತಿಲ್ಲ. ನೀರು ಕೇಳಿದರೆ ಚೊಂಬನ್ನು ನೆಲದ ಮೇಲಿಟ್ಟು ಹೋದರು. ನೀಲಕಂಠಸ್ವಾಮಿಯವರು ಒಳಗಿನಿಂದ ಕೂಗಿದರು.

"ಏನಯ್ಯ ಇದು ಅವತಾರ? ಅರ್ಧ ಶೆಡ್ಡು ಖಾಲಿ?"

"ಕತೇಲಿ ಒಬ್ಳು ಸತ್ತೋದ್ಲು ಸ್ವಾಮಿ. ಅದಕ್ಕೆ ಬೇಜಾರು ಮಾಡ್ಕೊಂಡವ್ರೆ."

"ಕತೇಲಿ ಸತ್ತರೆ ನನ್ನ ಈರುಳ್ಳಿ ಕೊಳೀಬೇಕೇನಯ್ಯ? ಬುದ್ಧಿ ಇದೆಯಾ ನಿಮಗೆಲ್ಲ?" ಎಂದು ಸ್ವಾಮಿಯವರು ಮೇಜು ಗುದ್ದಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಗೋಡೆ ಕಡೆ ನೋಡಿಕೊಂಡು ಕೇಳಿದರು. "ಯಾರು, ಕೆಂಚಿನಾ?"

ರಾಜಣ್ಣ ತಬ್ಬಿಬ್ಬಾದ. ಸ್ವಾಮಿಯವರ ಕುರ್ಚಿಯ ಹಿಂದೆ ಶೆಡ್ಡಿನ ಕಡೆಗೆ ತೆರೆದ ಕಿಟಕಿ ಇದ್ದದ್ದು ಈಗ ಅವನಿಗೆ ಹೊಳೆಯಿತು.

"ಹೂಂ ಅಂದವನು ಯಾರು?"

"ನಾನೇ ಸ್ವಾಮಿ."

"ಹೋಗು, ಈಗಲೇ ಹೋಗು. ಆಯಮ್ಮನ ಕೈಕಾಲು ಹಿಡಿದಾದರೂ ಸರಿ ಮಾಡಿಕೊಂಡು ಬಾ. ಅದೂ ಒಂದು ಬದುಕಾ ನಿಂದು, ಹೂಂ ಅನ್ನೋಕೂ ಬರಲ್ಲ!"

ಭೀಮನಬೀಡಿನಲ್ಲಿ ದೊಡ್ಡಮಾದಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ರಾಜಣ್ಣನನ್ನು ನೋಡಿ, ಬಾ ಎಂದು ಚಾಪೆ ತಳ್ಳಿದಳು. ಅವನು ಕೂತ, ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ತಪ್ಪಾಯಿತು, ಗ್ಯಾನ ಲಾರಿ ಮೇಲಿತ್ತು, ಆ ಹೂಂ ಲೆಕ್ಕಕ್ಕಿಲ್ಲ, ವಾಪಸು ತಗೊಳ್ತೀನಿ, ನೀನು ನಾಳೆ ಬಂದು ಕೆಂಚಿ ಬದುಕಿದ್ಲು ಅಂದುಬಿಡು.

"ಅದು ಆಗಾಕಿಲ್ಲ ಕಣ್ಮಗ."

"ಯಾಕವ್ವ? ಕತೆ ನಿಂದೇ ತಾನೆ? ಕಟ್ಟಿದೋಳೂ ನೀನೇ."

"ನನ್ನದಾದ್ರೆ ನಾನೊಬ್ಳೇ ಏಳ್ಕೊಂಡು ನಾನೊಬ್ಳೇ ಕೇಳ್ಕತಿದ್ದೆ." ಅವಳು ಮೊರ ಕೆಳಗಿಟ್ಟಳು. "ನಾನು ಯಾಕೆ ಆ ಮಗೀನ ದಿನಾ ಸಾಯುಸ್ತಿದ್ದೆ ಗೊತ್ತಾ? ನಿಂಗಿ ಬ್ಯಾಡ ಅಂತಾಳೆ ಅನ್ನೋ ಧೈರ್ಯ. ಎಷ್ಟು ದೂರ ತಳ್ಳುದ್ರೂ ಅವ್ಳು ಇಡ್ಕತಿದ್ಲು. ಅವ್ಳು ಮಾತ್ರ ಆಸ್ಪತ್ರೇಲಿ ಓಗ್ಬುಟ್ಲು. ಆಗ ಯಾರೂ ನನ್ನ ಕೇಳ್ನಿಲ್ಲ ಕಣಪ್ಪ. ಕೇಳಿದ್ರೆ ನಾನು ಊಹೂಂ ಅಂತಿದ್ದೆ. ಬಾಗಿಲಾಚೆ ಕುಂತಿದ್ದೆ, ಡಾಕ್ಟ್ರು ಬಂದು ಜೀವ ಓಯ್ತು ಅಂದ್ರು. ಕತೇಲಾದ್ರೂ ನಿನ್ನ ಕೇಳ್ದೆ. ನೀನು ಹೂಂ ಅಂದ್ಬುಟ್ಟೆ."

ರಾಜಣ್ಣನಿಗೆ ನಾಚಿಕೆಯಾಯಿತು. ಮಂಡಿಯ ವಿಷಯ, ಲೋಡಿನ ವಿಷಯ ಎಲ್ಲ ಮರೆತುಹೋಯಿತು. ಕೆಂಚಿ ಬಂಡೆಯ ಮೇಲೆ ಬಿದ್ದಿದ್ದಾಳೆ, ಬೀಳಿಸಿದವನು ತಾನು ಎಂಬುದೊಂದೇ ಉಳಿಯಿತು.

"ಏನಾದ್ರೂ ದಾರಿ ಏಳವ್ವ. ನನ್ನ ಕೈಲಿ ನೋಡಾಕಾಗ್ತಿಲ್ಲ."

ದೊಡ್ಡಮಾದಮ್ಮ ಅವನ ಕಡೆ ತಿರುಗಿ ಕೂತಳು. "ಸಾಯ್ಸಿದೋನು ನೀನು. ಎಬ್ಬುಸ್ಬೇಕಾದ್ರೆ ನೀನೇ ಎಬ್ಬುಸು. ನಾಳೆ ನೀನು ಕತೆ ಏಳು, ನಾನು ಹೂಂಗುಟ್ತೀನಿ. ಆದ್ರೆ ಸತ್ತಿಲ್ಲ ಅಂತ ಸುಳ್ಳು ಏಳಂಗಿಲ್ಲ. ಸತ್ತವ್ಳೆ. ಅಲ್ಲಿಂದ ಎತ್ಕೊ."

"ನಂಗೆ ಕತೆ ಬರಾಕಿಲ್ಲ!"

"ನಂಗೆ ಮಾತ್ರ ಬತ್ತಿತ್ತಾ?" ಎಂದು ಅವಳು ಮತ್ತೆ ಮೊರ ಎತ್ತಿಕೊಂಡಳು.

ಆ ರಾತ್ರಿ ರಾಜಣ್ಣನಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಶೆಡ್ಡು ತುಂಬಿತ್ತು. ಸುದ್ದಿ ಹೇಗೆ ಹೋಯಿತೋ, ಪಕ್ಕದ ಮಂಡಿಯ ನಾಲ್ಕೈದು ಹೆಂಗಸರೂ ಬಂದು ಕೂತಿದ್ದರು. ಕಿಟಕಿಯ ಬಾಗಿಲು ಪೂರ್ತಿ ತೆರೆದಿತ್ತು. ರಾಜಣ್ಣ ಒಂದು ಚೀಲದ ಮೇಲೆ ಕೂತ. ಎದುರಿಗೆ ದೊಡ್ಡಮಾದಮ್ಮ, ಅವಳ ಪಕ್ಕದಲ್ಲಿ ಯಾರೂ ಕೂರದೆ ಬಿಟ್ಟಿದ್ದ ಚಿಕ್ಕನಿಂಗಮ್ಮನ ಜಾಗ.

"ಕೆಂಚಿ ಸತ್ತೋದ್ಲಾ," ಅಂದ.

"ಹೂಂ."

"ಸತ್ತು ಯಮನ ಊರಿಗೆ ಓದ್ಲು."

"ಹೂಂ."

ಯಮನ ಊರು ಹೇಗಿರುತ್ತದೆ ಎಂದು ರಾಜಣ್ಣನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮಂಡಿ ಒಂದೇ. "ಅಲ್ಲಿ ಒಂದು ದೊಡ್ಡ ಶೆಡ್ಡು. ಸತ್ತೋರೆಲ್ಲ ಸಾಲಾಗಿ ಕುಂತವ್ರೆ. ಯಮ ತಕ್ಕಡಿ ಮಡಿಕಂಡು ಒಬ್ಬೊಬ್ರನ್ನೇ ತೂಗ್ತಾವ್ನೆ."

"ಊಹೂಂ," ಅಂದಳು ದೊಡ್ಡಮಾದಮ್ಮ. "ಮನುಷ್ಯರ್ನ ತೂಗಾಕೆ ಅದೇನು ಈರುಳ್ಳಿನಾ?"

ಯಾರೋ ಕಿಸಕ್ಕೆಂದರು. ರಾಜಣ್ಣ ಬೆವರು ಒರೆಸಿಕೊಂಡ. "ಸರಿ, ತಕ್ಕಡಿ ಇಲ್ಲ. ಬಾಗಿಲು ಐತೆ. ಕಬ್ಬಿಣದ್ದು. ಸತ್ತೋರು ಒಳೀಕೆ ಬಂದ್ಮೇಲೆ ಯಮ ಕೇಳ್ತಾನೆ, ಬಾಗಿಲು ಹಾಕನಾ ಅಂತ. ಅಲ್ಲಿ ಕುಂತಿರೋರು ಯಾರಾದ್ರೂ ಹೂಂ ಅಂದ್ರೆ ಬಾಗಿಲು ಬೀಳ್ತದೆ. ಬಿದ್ದ ಬಾಗಿಲು ತಿರುಗ ತೆಗಿಯಾಕಿಲ್ಲ."

"ಹೂಂ." ಈ ಸಲ ದೊಡ್ಡಮಾದಮ್ಮ ತಲೆ ಎತ್ತಿದಳು.

ಅವನಿಗೆ ಮುಂದಿನದು ಗೊತ್ತಿರಲಿಲ್ಲ. ರಾತ್ರಿ ಕಟ್ಟಿಕೊಂಡಿದ್ದು ಇಲ್ಲಿಗೆ ಮುಗಿದಿತ್ತು, ರೆಕ್ಕೆಯ ಎಮ್ಮೆಯೊಂದನ್ನು ತರೋಣ ಎಂದುಕೊಂಡಿದ್ದು ಈಗ ಹಗಲು ಬೆಳಕಿನಲ್ಲಿ ಪೆದ್ದಾಗಿ ಕಂಡಿತು. ಅವನ ಕಣ್ಣು ಖಾಲಿ ಜಾಗದ ಮೇಲೆ ಬಿತ್ತು. ಮಾತು ತಾನಾಗಿ ಬಂತು.

"ಕೆಂಚಿ ಒಳಗೆ ಕಾಲಿಟ್ಲು. ಬಾಗಿಲು ಹಾಕನಾ ಅಂದ ಯಮ. ಎಲ್ರೂ ಹೂಂ ಅನ್ನಕ್ಕೆ ಬಾಯಿ ತೆಗುದ್ರು. ಬಾಗ್ಲತ್ರ ಒಬ್ಳು ಮುದುಕಿ ಕುಂತಿದ್ಲು, ಹೊಸದಾಗಿ ಬಂದೋಳು, ಈ ಕಡೆಯೋಳೇ. ಅವ್ಳು ಬಾಯಿ ತೆಗೀದಂಗೆ ಅಂದ್ಲು, ಊಹೂಂ ಅಂತ."

ಕುಡುಗೋಲುಗಳು ನಿಂತವು. ಮಂಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡಮಾದಮ್ಮನಿಂದ ಹೂಂ ಬರಲಿಲ್ಲ, ಊಹೂಂ ಕೂಡ ಬರಲಿಲ್ಲ. ತಪ್ಪು ಮಾಡಿದೆ ಎಂದು ರಾಜಣ್ಣನಿಗೆ ಭಯವಾಯಿತು. ನಿಲ್ಲಿಸಿದರೆ ಇನ್ನೂ ತಪ್ಪಾದೀತು ಎಂದು ಹೇಳುತ್ತಲೇ ಹೋದ.

"ಯಮಂಗೆ ಸಿಟ್ಟು ಬಂತು. ತಿರುಗ ಕೇಳ್ದ. ಅವ್ಳು ತಿರುಗ ಊಹೂಂ ಅಂದ್ಲು. ಎಷ್ಟು ಸಲ ಕೇಳುದ್ರೂ ಅದೇ. ಬಾಗಿಲು ಬೀಳ್ನಿಲ್ಲ. ಇನ್ಯಾಕೆ ನಿಂತಿದ್ದೀಯಮ್ಮಿ, ನಿನ್ ತಮ್ಮ ಕಾಯ್ತಾವ್ನೆ, ಓಡು ಅಂದ್ಲು ಮುದುಕಿ. ಕೆಂಚಿ ತೆರೆದ ಬಾಗಿಲಲ್ಲಿ ಈಚೆಗೆ ಬಂದ್ಲು. ಬಂಡೆ ಮ್ಯಾಲೆ ಕಣ್ಣು ಬುಟ್ಲು."

"ಹೂಂ," ಅಂದಿತು ಇಡೀ ಸಾಲು. ಕಿಟಕಿಯಿಂದಲೂ ಒಂದು ಹೂಂ ಬಂದಿರಬೇಕು. ಹುಡುಗಿಯರು ನಕ್ಕರು, ಯಾರೋ ಮೂಗು ಸೀಟಿದರು. ದೊಡ್ಡಮಾದಮ್ಮ ಮಾತ್ರ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಆ ಮುದುಕಿ," ಅಂದಳು. "ಆ ಮುದುಕೀನೂ ಬಂದ್ಲಾ ಕೆಂಚಿ ಜೊತೆ?"

ಬಂದಳು ಎಂದುಬಿಡಬಹುದಿತ್ತು. ಕತೆ ಅವನದು, ಬಾಗಿಲು ತೆರೆದೇ ಇತ್ತು. ಸಾಲಿನಲ್ಲಿ ಒಬ್ಬರೂ ಬೇಡ ಎನ್ನುತ್ತಿರಲಿಲ್ಲ. ಹಾಗೆ ಹೇಳಬೇಕೆಂದು ರಾಜಣ್ಣನ ಜೀವ ಎಳೆಯಿತು. ಆದರೆ ಸಂಜೆ ಇದೇ ಹೆಂಗಸು ಬಸ್ಸಿಳಿದು ನಾದಿನಿ ಇಲ್ಲದ ಆ ಮನೆಗೆ ಒಬ್ಬಳೇ ಹೋಗಬೇಕಲ್ಲ ಎಂದು ಅವನಿಗೆ ಅನ್ನಿಸಿತು.

"ಇಲ್ಲ ಕಣವ್ವ," ಅಂದ. "ಕೆಂಚಿ ಕರುದ್ಲು. ಕೈ ಇಡ್ಕೊಂಡು ಎಳುದ್ಲು. ಅವ್ಳು ಬರ್ನಿಲ್ಲ. ಇನ್ನೂ ಎಷ್ಟು ಮಕ್ಕಳು ಇಲ್ಲಿಗೆ ಬಂದು ಬೀಳ್ತವೋ, ಊಹೂಂ ಅನ್ನಕ್ಕೆ ಒಬ್ರಾದ್ರೂ ಬ್ಯಾಡ್ವಾ, ನಾನು ಇಲ್ಲೇ ಇರ್ತೀನಿ ಓಗು, ಅಂದ್ಲು. ಅಲ್ಲೇ ಕುಂತ್ಕಂಡ್ಲು."

ದೊಡ್ಡಮಾದಮ್ಮ ಊಹೂಂ ಎಂದರೆ ಆ ಮುದುಕಿಯನ್ನು ಕರೆತರಲೇಬೇಕು, ಕಟ್ಟಳೆ ಅದು. ಅವನು ಕಾದ. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು, ಅದರ ಹಿಂದೆ ಇನ್ನೊಂದು ಹೋಯಿತು.

"ಹೂಂ," ಅಂದಳು ದೊಡ್ಡಮಾದಮ್ಮ.

ಆಮೇಲೆ ಅಳುವುದಕ್ಕೆ ಶುರು ಮಾಡಿದಳು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ, ಮಣ್ಣು ಮಾಡುವಾಗಲೂ ಅತ್ತಿರಲಿಲ್ಲ ಎಂದು ಮಂಚಮ್ಮ ಆಮೇಲೆ ಹೇಳಿದಳು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಮಂಚಮ್ಮ ಎದ್ದು ಬಂದು ಆ ಖಾಲಿ ಜಾಗದಲ್ಲಿ ಕೂತು, ದೊಡ್ಡಮಾದಮ್ಮನ ಪಾಲಿನ ಈರುಳ್ಳಿಯನ್ನೂ ತನ್ನ ಮುಂದಕ್ಕೆ ಎಳೆದುಕೊಂಡು ಕೊಯ್ಯತೊಡಗಿದಳು.